ಕಾರವಾರ: ಗೋವೆಗೆ ಹೋಗುವ ದಾರಿಯೋ, ಇಳಿಯುವ ಊರೋ?

ವಾರದ ಕೊನೆ ಬಂತೆಂದರೆ ಸಾಕು, ಘಟ್ಟದ ಮೇಲಿನ ಕಾರುಗಳು ಕಾರವಾರದ ಕಡಲ ಬದಿಯ ಹೆದ್ದಾರಿಯಲ್ಲಿ ಸಾಲುಗಟ್ಟುತ್ತವೆ. ಕಾಳಿ ಸೇತುವೆ ದಾಟಿ, ಸದಾಶಿವಗಡದ ಗುಡ್ಡ ಬಳಸಿ, ಮಾಜಾಳಿ ಗಡಿಯಾಚೆ ಗೋವೆ ಸೇರುತ್ತವೆ. ಊರಿಗೆ ಉಳಿಯೋದು ಧೂಳು ಮತ್ತು ಹಾರ್ನಿನ ಸದ್ದು!

ಈ ಪಾಡು ಇಂದಿನದಲ್ಲ. 1638ರಲ್ಲೇ ಇಂಗ್ಲಿಷರು ಇಲ್ಲಿ ಕೋಠಿ ಹಾಕಿದ್ದರು. ಕಾಳುಮೆಣಸು, ನಯವಾದ ಹತ್ತಿ ಬಟ್ಟೆ ಇಲ್ಲಿಂದ ಹಡಗೇರುತ್ತಿದ್ದವು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದೇಕೆ? ಕಾರವಾರದ ಬಂದರಿನ ಆಸೆಗೆ! ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಗಿತ್ತು. ಧಾರವಾಡದ ಹತ್ತಿಯನ್ನು ಇಲ್ಲಿಂದ ಸಾಗಿಸುವ ಲೆಕ್ಕ ಹಾಕಿದ್ದರು. ಆದರೆ 1880ರ ದಶಕದಲ್ಲಿ ರೈಲು ಹೋಗಿದ್ದು ಪೋರ್ಚುಗೀಸರ ಮರ್ಮಗೋವೆಗೆ. ಕಾರವಾರ ಕೈ ಕೈ ಹಿಸುಕಿಕೊಂಡಿತು. ಇಲ್ಲಿಗೆ ರೈಲಿನ ಸಿಳ್ಳೆ ಕೇಳಿಸಲು 1990ರ ದಶಕದ ಕೊಂಕಣ ರೈಲ್ವೆಯೇ ಬರಬೇಕಾಯಿತು.

ಹಾಗಂತ ತೋರಿಸಲು ಏನೂ ಇಲ್ಲವೇ? ಇದೆ ಸ್ವಾಮಿ, ಬೇಕಾದಷ್ಟಿದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್ ಆಗಿದ್ದಾಗ, 1880ರ ದಶಕದ ಆರಂಭದಲ್ಲಿ, ತರುಣ ರವೀಂದ್ರನಾಥ ಟಾಗೋರರು ಬಂದು ಉಳಿದು ನಾಟಕ ಬರೆದ ಊರಿದು. ಕಡಲತೀರಕ್ಕೆ ಅವರ ಹೆಸರೇ ಇದೆ. ನದಿ ಕಡಲು ಸೇರುವಲ್ಲಿ ಸೋಂದೆ ಅರಸರ ಸದಾಶಿವಗಡ. ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹನ ಜಾತ್ರೆ. ದಡದ ಮೇಲೆ ಮಕ್ಕಳು ಹತ್ತಿ ನೋಡುವ ಚಾಪೆಲ್ ಯುದ್ಧನೌಕೆ. ಇಷ್ಟಿದ್ದರೂ ಜನ ಇಳಿಯುವುದಿಲ್ಲವೆಂದರೆ ತಪ್ಪು ಕಡಲಿನದಲ್ಲ.

ಉಳಿದದ್ದೆಷ್ಟು?

ಲೆಕ್ಕ ಇಲ್ಲಿಂದ ಬಿಗಿಯಾಗುತ್ತದೆ. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟೆದ್ದವು. ವಾಸ್ಕೋ ಡ ಗಾಮ 1498ರಲ್ಲಿ ಇಳಿದಿದ್ದ ಅಂಜದೀವ್ ದ್ವೀಪವೂ ನೌಕಾನೆಲೆಯ ಬೇಲಿಯೊಳಗೆ ಸೇರಿತು. ದೇಶದ ರಕ್ಷಣೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಟ್ಟವರ ಕೈಯಲ್ಲಿ ಉಳಿದದ್ದೇನು ಎಂದು ಕೇಳೋದು ತಪ್ಪೇ?

ಪೇಟೆಗೆ ಅಂಟಿಕೊಂಡು ಉಳಿದಿರುವುದು ಕಾಳಿ ಮುಖದಿಂದ ಬೈತಖೋಲದವರೆಗಿನ ಒಂದೇ ಮರಳದಂಡೆ. ಬೆಳಿಗ್ಗೆ ಅದು ರಂಪಣಿ ಬಲೆ ಎಳೆಯುವವರ ಅಂಗಳ, ಸಂಜೆ ಊರಿನ ಮಕ್ಕಳ ಆಟದ ಬಯಲು, ರಜೆಯಲ್ಲಿ ಪರಊರಿನವರ ಕಣ್ಣಿಗೆ ಹಬ್ಬ. 2020ರ ಜನವರಿಯಲ್ಲಿ ಸಾಗರಮಾಲಾ ಹೆಸರಿನಲ್ಲಿ ಬಂದರು ವಿಸ್ತರಣೆಗೆ ಕೈ ಹಾಕಿದಾಗ ಮೀನುಗಾರರು ಬೀದಿಗಿಳಿದದ್ದು ಇದಕ್ಕೇ. ಅಲೆತಡೆ ಗೋಡೆ ಉದ್ದವಾದರೆ ದಂಡೆಯ ಗತಿಯೇನು ಎಂಬುದು ಅವರ ಪ್ರಶ್ನೆ.

ಅದು ಬರೀ ಮೀನುಗಾರರ ಪ್ರಶ್ನೆ ಎಂದುಕೊಂಡರೆ ಪೇಟೆಯವರಿಗೇ ನಷ್ಟ. ಒಂದು ಕಾರು ಎರಡು ತಾಸು ನಿಂತರೆ ಖಾನಾವಳಿಯಲ್ಲಿ ನಾಲ್ಕು ಮೀನೂಟ, ಗಾಡಿಯಲ್ಲಿ ನಾಲ್ಕು ಎಳನೀರು, ಅಂಗಡಿಯಲ್ಲಿ ಒಂದಿಷ್ಟು ಗೋಡಂಬಿ ಖರ್ಚಾಗುತ್ತದೆ. ಮೀನು ತರುವವನು ದಡ ಕಳೆದುಕೊಂಡರೆ ಮೀನೂಟ ಎಲ್ಲಿಂದ ಬರಬೇಕು? ದಂಡೆಯೇ ಹೋದರೆ ಕಾರು ಯಾಕೆ ನಿಲ್ಲಬೇಕು?

ಬಂದವರನ್ನು ನಿಲ್ಲಿಸೋಕೆ ಕೋಟಿಗಟ್ಟಲೆ ಯೋಜನೆಯೇ ಬೇಕೆಂದಿಲ್ಲ. ಚೊಕ್ಕ ಶೌಚಾಲಯ, ಗಾಡಿ ನಿಲ್ಲಿಸಲು ಜಾಗ, ಕೂರಲು ನೆರಳು, ರಾತ್ರಿ ದೀಪ, ಬಸ್ಸಿನಲ್ಲಿ ಬಂದವರಿಗೆ ದಾರಿ ತೋರುವ ಫಲಕ ಸಾಕು. ದೊಡ್ಡ ರೆಸಾರ್ಟಿನ ಕನಸು ಆಮೇಲೆ ಕಾಣಬಹುದು. ದಂಡೆಯ ಒಂದಡಿಯನ್ನೂ ಮುಟ್ಟುವ ಮುನ್ನ ಮೀನುಗಾರರನ್ನೂ ಅಂಗಡಿಯವರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು.

ಅಂದು ರೈಲು ತಪ್ಪಿಸಿದವರು ದೂರದ ದೊರೆಗಳು. ಇಂದು ದಂಡೆ ತಪ್ಪಿಹೋದರೆ ಬೈಯೋದಕ್ಕೆ ಯಾವ ಪರದೇಶಿ ದೊರೆಯೂ ಸಿಗೋದಿಲ್ಲ.