ಚಕ್ರಕ್ಕೆ ಕೊಟ್ಟ ಕಲ್ಲು

ನಮ್ಮ ಹಿತ್ತಿಲಿನ ಹುಣಿಸೆಮರದ ಕೆಳಗೆ ನಿಂತಿರುವ ಹಳೆಯ ಮಹೀಂದ್ರ ಜೀಪಿನ ಸಮಾಚಾರವನ್ನು ಈ ಅಂಕಣದ ವಾಚಕರು ಹಿಂದೆಯೂ ಕೇಳಿದ್ದಾರೆ. ಅದನ್ನು ಮಾರಿಬಿಡಿರೆಂದು ಉಪದೇಶಿಸಿದವರುಂಟು. ಇಂಥ ಗಾಡಿಯನ್ನು ಮನೆಯಲ್ಲಿಯೇ ರಿಪೇರಿ ಮಾಡಿಕೊಳ್ಳುವುದು ಹೇಗೆಂದು ಕೇಳಿದ ತರುಣರೂ ಉಂಟು. ಆ ತರುಣರಿಗಾಗಿ ಇಂದು ನಮ್ಮದೇ ಒಂದು ತಪ್ಪನ್ನು ಬಯಲಿಗಿಡುತ್ತಿದ್ದೇವೆ.

ಈ ವಾಹನದ ವಂಶ ದೊಡ್ಡದು. ಎರಡನೆಯ ಮಹಾಯುದ್ಧದಲ್ಲಿ, 1941 ರಿಂದ 1945 ರವರೆಗೆ, ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದವು. 1947 ರಲ್ಲಿ ಮಹೀಂದ್ರದವರು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಅವನ್ನು ಜೋಡಿಸಲಾರಂಭಿಸಿದರು. ಕೊಡಗಿನ ಕಾಫಿತೋಟದ ಏರಿನಲ್ಲಿಯೂ ನಮ್ಮ ಕಡೆಯ ಹಳ್ಳದ ಮರಳಿನಲ್ಲಿಯೂ ಆ ಸಂತತಿ ಇನ್ನೂ ಬದುಕಿದೆ. ಅದರ ರಚನೆ ಸರಳ. ಪಾನಾ ಹಿಡಿಯಬಲ್ಲವನು ಅದನ್ನು ಬಿಚ್ಚಬಲ್ಲನು. ಆದರೆ ಬಿಚ್ಚಲು ಬಂದ ಮಾತ್ರಕ್ಕೆ ತಿಳಿಯಿತೆಂದಲ್ಲ. ಇದನ್ನು ನಾವು ಕಲಿತದ್ದು ಒಂದು ಭಾನುವಾರ.

ಆ ದಿನ ಹಿಂದಿನ ಬಲಚಕ್ರದ ಬ್ರೇಕಿನಲ್ಲಿ ಎಣ್ಣೆ ಸೋರುತ್ತಿದ್ದುದರಿಂದ ಅದನ್ನು ಬಿಚ್ಚಲು ಹೊರಟೆವು. ಹ್ಯಾಂಡ್ ಬ್ರೇಕ್ ಎಳೆದೆವು, ಗೇರಿನಲ್ಲಿಯೂ ಇಟ್ಟೆವು. ಜಾಕಿ ಕೊಟ್ಟು ಎತ್ತಿ ಚಕ್ರವನ್ನು ಕಳಚಿದೆವು. ಹಿತ್ತಿಲಿನ ನೆಲ ತುಸು ಇಳಿಜಾರು. ತಮ್ಮನ ಮಗ, ಕಾಲೇಜಿನ ಹುಡುಗ, ಕೆಳಗೆ ಕೈಹಾಕುವ ಮುನ್ನ, "ದೊಡ್ಡಪ್ಪ, ಚಕ್ರಕ್ಕೆ ಕಲ್ಲು ಕೊಡಬೇಡವೇ?" ಎಂದು ಕೇಳಿದನು. "ಹ್ಯಾಂಡ್ ಬ್ರೇಕ್ ಎಳೆದಿದ್ದೇನಲ್ಲಪ್ಪ, ಎಲ್ಲಿಗೆ ಹೋದೀತು?" ಎಂದೆವು. ಹುಡುಗನು ಕೆಲಸ ಮಾಡಿ, ಪಾನಾ ಬದಲಿಸಲೆಂದು ಕೈಯನ್ನು ಹೊರಗೆ ತೆಗೆದನಷ್ಟೆ; ಜೀಪು ಒಂದು ಗೇಣು ಮುಂದೆ ಸರಿದು, ಜಾಕಿ ವಾಲಿ, ಬ್ರೇಕಿನ ಡ್ರಮ್ಮು ನೆಲಕ್ಕೆ ಬಡಿಯಿತು. ಅವನ ಕೈ ಇದ್ದ ಸ್ಥಳದಲ್ಲಿಯೇ ಬಡಿಯಿತು. ಅಡುಗೆಮನೆಯಿಂದ ಓಡಿಬಂದ ಅವನ ತಾಯಿ ನಮ್ಮನ್ನು ಏನೂ ಅನ್ನಲಿಲ್ಲ. ಅಂದಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಮರುದಿನ ಕಲ್ಯಾಣದುರ್ಗದ ವೃದ್ಧ ಮೇಸ್ತ್ರಿಯೊಬ್ಬರ ಮುಂದೆ ಇದನ್ನು ಹೇಳಿಕೊಂಡೆವು. ಅವರು ತೆಲುಗಿನಲ್ಲಿ ನಕ್ಕು ಕನ್ನಡದಲ್ಲಿ ಕೇಳಿದರು: "ಮೇಷ್ಟ್ರೇ, ಹ್ಯಾಂಡ್ ಬ್ರೇಕ್ ಹಿಡಿಯೋದು ಎಲ್ಲಿ ಅಂತ ನೋಡಿದ್ದೀರಾ?" ನಾವು ನೋಡಿರಲಿಲ್ಲ.

ಈ ಮಾದರಿಯ ಹಳೆಯ ಜೀಪುಗಳಲ್ಲಿ ಹ್ಯಾಂಡ್ ಬ್ರೇಕ್ ಚಕ್ರಗಳನ್ನು ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ, ಹಿಂದಿನ ಅಚ್ಚಿಗೆ ಹೋಗುವ ಶಾಫ್ಟನ್ನು ಹಿಡಿಯುತ್ತದೆ. ಆ ಶಾಫ್ಟಿಗೂ ಎರಡು ಚಕ್ರಗಳಿಗೂ ನಡುವೆ ಡಿಫರೆನ್ಷಿಯಲ್ ಇದೆ. ಶಾಫ್ಟು ಬಿಗಿಯಾಗಿ ನಿಂತಿದ್ದರೂ ಒಂದು ಬದಿ ಮುಂದಕ್ಕೆ ತಿರುಗಿದರೆ ಇನ್ನೊಂದು ಬದಿ ಹಿಂದಕ್ಕೆ ತಿರುಗಬಲ್ಲದು. ಎರಡು ಚಕ್ರಗಳೂ ನೆಲದಲ್ಲಿರುವಾಗ ಹಾಗೆ ತಿರುಗಲು ಆಸ್ಪದವಿಲ್ಲ. ಒಂದನ್ನು ಎತ್ತಿದೊಡನೆ ಇನ್ನೊಂದಕ್ಕೆ ಸ್ವಾತಂತ್ರ್ಯ ಬಂದಂತೆಯೇ. ಗೇರಿನಲ್ಲಿಟ್ಟರೂ ಹಿಡಿತವಿರುವುದು ಅದೇ ಶಾಫ್ಟಿಗೆ, ಆದುದರಿಂದ ಪ್ರಯೋಜನವಿಲ್ಲ. ಹಿಂದಿನ ಅಚ್ಚನ್ನು ಎತ್ತುವಾಗ ಮುಂದಿನ ಚಕ್ರಗಳ ಲಿವರನ್ನೂ ಜೋಡಿಸಿದರೆ ಹಿಡಿತ ಹೆಚ್ಚುತ್ತದೆ. ಆದರೂ ನೆಲದ ಮೇಲಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು. ಜಾಕಿಯನ್ನು ನಂಬದೆ ಅಚ್ಚಿನ ಕೆಳಗೆ ಗಟ್ಟಿಯಾದ ಮರದ ದಿಮ್ಮಿಗಳನ್ನು ಇಡಬೇಕು.

ಅದೇ ಲಿವರಿನ ಬಗ್ಗೆ ಇನ್ನೊಂದು ಮಾತು. ನಾಲ್ಕು ಚಕ್ರಗಳ ಎಳೆತವನ್ನು ಡಾಂಬರು ರಸ್ತೆಯಲ್ಲಿ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಮರಳಿನಲ್ಲಿ, ಕೆಸರಿನಲ್ಲಿ ಆ ವ್ಯತ್ಯಾಸ ಜಾರಿಹೋಗುತ್ತದೆ. ಡಾಂಬರಿನಲ್ಲಿ ಜಾರದೆ ಹಲ್ಲುಚಕ್ರಗಳಲ್ಲಿ ಬಿಗಿದುಕೊಳ್ಳುತ್ತದೆ. ಲಿವರು ಕಚ್ಚಿಕೊಂಡರೆ ಸುತ್ತಿಗೆ ಎತ್ತಬೇಡಿರಿ. ಗಾಡಿಯನ್ನು ನೇರವಾಗಿ ತುಸು ಹಿಂದಕ್ಕೆ ನಡೆಸಿದರೆ ಸಾಮಾನ್ಯವಾಗಿ ಸಡಿಲವಾಗುತ್ತದೆ.

ಈಗ ಹುಡುಗನ ಆಸೆಯ ಮಾತಿಗೆ ಬರೋಣ. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಬೇಕು, ದೊಡ್ಡ ಟೈರು ಹಾಕಬೇಕು ಎಂದು ಅವನು ಬಹುದಿನದಿಂದ ಕೇಳುತ್ತಿದ್ದನು. ಅವನ ಮುಂದೆ ಒಂದೇ ಪ್ರಶ್ನೆ ಇಟ್ಟೆವು: ಹೆಚ್ಚಿದ ಭಾರವನ್ನು ನಿಲ್ಲಿಸುವವರು ಯಾರು? ಈ ಜೀಪಿನ ಬ್ರೇಕಿನ ಡ್ರಮ್ಮುಗಳು ಚಿಕ್ಕವು. ನಾಲ್ಕು ಚಕ್ರಗಳಿಗೂ ಒಂದೇ ಮಾಸ್ಟರ್ ಸಿಲಿಂಡರು, ಒಂದೇ ದಾರಿ. ಒಂದು ಕಡೆ ಕೊಳವೆ ಒಡೆದರೆ ಪೆಡಲಿನ ಕೆಳಗೆ ಏನೂ ಉಳಿಯದು. ದೊಡ್ಡ ಟೈರನ್ನು ನಿಲ್ಲಿಸಲು ಹೆಚ್ಚು ಬಲ ಬೇಕು. ಅದನ್ನು ಹಾಕಿದರೆ ವೇಗದ ಮುಳ್ಳು ಕೂಡ ಕಡಿಮೆ ತೋರಿಸುತ್ತದೆ. ಒಂದು ಅಂಗವನ್ನು ಬದಲಿಸಿದವನು ಉಳಿದ ಅಂಗಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಕಾನೂನೂ ಇದೇ ಮಾತನ್ನು ಹೇಳುತ್ತದೆ. 1988 ರ ಮೋಟಾರು ವಾಹನ ಕಾಯಿದೆಯ 52 ನೆಯ ಕಲಮಿನ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019 ರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಎಂಜಿನ್ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮತಿಯೂ ನೋಂದಣಿ ಪತ್ರದಲ್ಲಿ ನಮೂದೂ ಬೇಕು. ಆದುದರಿಂದ ಹಣವನ್ನು ಕೈಗೆತ್ತುವ ಮೊದಲು ಕಾಗದವನ್ನು ಕೈಗೆತ್ತಿಕೊಳ್ಳಿರಿ.

ಕಡೆಗೆ ಹುಡುಗನು ದೊಡ್ಡ ಟೈರಿನ ಹಣದಲ್ಲಿ ಬ್ರೇಕಿನ ಕೊಳವೆಗಳನ್ನೂ ರಬ್ಬರು ವಾಷರುಗಳನ್ನೂ ಹೊಸದಾಗಿ ಹಾಕಿಸಿದನು. ಶಾಫ್ಟಿನ ಬ್ರೇಕಿಗೆ ಎಣ್ಣೆ ಇಳಿಸುತ್ತಿದ್ದ ಟ್ರಾನ್ಸ್‌ಫರ್ ಕೇಸಿನ ಸೀಲನ್ನೂ ಬದಲಿಸಿದನು. ಜೀಪು ನೋಡುವುದಕ್ಕೆ ಮೊದಲಿನಂತೆಯೇ ಇದೆ. ನಿಲ್ಲು ಎಂದರೆ ನಿಲ್ಲುತ್ತದೆ.

ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿರೆಂದು ಬೋಧಿಸಿದ ನಾವು, ಮನೆಯ ಹುಡುಗನು ಸರಿಯಾದ ಪ್ರಶ್ನೆ ಕೇಳಿದಾಗ ಹಿರಿತನದಿಂದ ಅವನ ಬಾಯಿ ಮುಚ್ಚಿಸಿದೆವು. ಜೀಪು ಸರಿದುದಕ್ಕಿಂತ ಅದೇ ದೊಡ್ಡ ತಪ್ಪು. ಈಗ ಹಿತ್ತಿಲಿನಲ್ಲಿ ನಾಲ್ಕು ಕಲ್ಲುಗಳು ಸದಾ ಸಿದ್ಧವಾಗಿವೆ; ಅವನ್ನು ಆರಿಸಿ ತಂದವನು ಅವನೇ. ದುರ್ಗದ ಬೆಟ್ಟದ ನೆರಳಿನ ನಮ್ಮ ಕುಂದುರ್ಪಿಯಲ್ಲಿ ಮಳೆಗೆ ಬರ ಬಂದೀತು, ಕಲ್ಲಿಗೆ ಬರವಿಲ್ಲ.