ಬಂದೂಕಿನ ಬಂಡವಾಳ, ಸುದ್ದಿಯ ಪರದೆ

2024ರಲ್ಲಿ ಹೈದರಾಬಾದಿನಲ್ಲಿ ಯುಎಇಯ ಕರಾಕಲ್ ಸಂಸ್ಥೆಯೊಡನೆ ಬಂದೂಕು ತಯಾರಿಕಾ ಘಟಕವನ್ನು ತೆರೆದ ಐಕಾಮ್, ಮೇಘಾ ಎಂಜಿನಿಯರಿಂಗ್ ಸಮೂಹದ್ದು. ಅದೇ ನಗರದ ಟಿವಿ9 ಜಾಲವು, ಕನ್ನಡ ವಾಹಿನಿಯೂ ಸೇರಿ, 2018ರಲ್ಲಿ ಅಲಂದಾ ಮೀಡಿಯಾದ ವಶವಾಯಿತು. ಅದರ ಹಿಂದಿದ್ದವರು ಮೈ ಹೋಮ್ ಮತ್ತು ಮೇಘಾ ಸಮೂಹಗಳ ಪ್ರವರ್ತಕರು. ವಾಹಿನಿ ಸುಳ್ಳಾಡಿತೆಂದು ಆರೋಪಿಸಬೇಕಿಲ್ಲ. ಶಸ್ತ್ರವ್ಯಾಪಾರದ ಸುದ್ದಿಯೊಡನೆ ಈ ಬಂಡವಾಳದ ನಂಟನ್ನೂ ಪರದೆಯ ಮೇಲೆ ತೋರಿಸದಿದ್ದರೆ ಪಕ್ಷಪಾತದ ಶಂಕೆ ನ್ಯಾಯವಾದುದೇ.

ಸಮಂತಭದ್ರಾಚಾರ್ಯರು ಆಯುಧಗಳನ್ನು ಪರರಿಗೊದಗಿಸುವ ಹಿಂಸಾದಾನವನ್ನೂ, ಚಿತ್ತವನ್ನು ಕಲುಷಿತಗೊಳಿಸುವುದನ್ನು ಆಲಿಸುವ ದುಃಶ್ರುತಿಯನ್ನೂ ಅನರ್ಥದಂಡಗಳಲ್ಲಿ ಒಟ್ಟಿಗೇ ಎಣಿಸಿದರು. ಸಿನಿಮಾ ಹಾಡನ್ನು ದುಃಶ್ರುತಿಯೆಂದು ಗದರುವ ಹಿರಿಯರು, ಬಂದೂಕಿನ ರಫ್ತನ್ನು ರಾಷ್ಟ್ರೋತ್ಸವವಾಗಿ ಬಣ್ಣಿಸುವ ವಾರ್ತೆಯನ್ನು ಮಾತ್ರ ಭಕ್ತಿಯಿಂದ ಆಲಿಸುತ್ತಾರೆ! ಮಹಾವೀರ ಜಯಂತಿಗೆ ವಾಹಿನಿಗಳಿಗೆ ಜಾಹೀರಾತು ನೀಡುವ ಸಮಾಜದ ಟ್ರಸ್ಟುಗಳು, ಒಡೆತನದ ಹಿತಾಸಕ್ತಿಯನ್ನು ಬಹಿರಂಗಪಡಿಸುವಂತೆ ಈ ವರ್ಷದಿಂದಲೇ ಷರತ್ತು ವಿಧಿಸಲಿ.