ಮನೆಮಾತು ಬಂದರೆ ಸಾಕೆ?

‘ಮನೆಯಲ್ಲಿ ಕನ್ನಡ ಮಾತಾಡುತ್ತೇವಲ್ಲ, ಶಾಲೆಯಲ್ಲೂ ಅದೇ ಯಾಕೆ? ನಾಳೆ ಮಗು ಹೊರಗೆ ಹೋಗಿ ಬದುಕಬೇಡವೇ?’ ಶಾಲೆಗೆ ಹೆಸರು ಹಚ್ಚುವ ದಿನಗಳು ಬಂದರೆ ಗಡಿನಾಡಿನ ಮನೆಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಮಗುವಿನ ಹಿತ ಬಯಸುವವರೇ ಕೇಳುವ ಪ್ರಶ್ನೆ ಇದು, ತಳ್ಳಿಹಾಕುವಂಥದ್ದಲ್ಲ. ಉತ್ತರ ಹುಡುಕುವ ಮೊದಲು, ಮಕ್ಕಳನ್ನು ನಿಜವಾಗಿಯೂ ಬಹು ದೂರ ಕಳಿಸಿ ನೋಡಿದ ಒಂದು ನಾಡಿನ ಅನುಭವವನ್ನು ಗಮನಿಸೋಣ.

1871ರ ಡಿಸೆಂಬರಿನಲ್ಲಿ ಜಪಾನ್ ಸರಕಾರ ಐವರು ಹುಡುಗಿಯರನ್ನು ಓದಲೆಂದು ಅಮೆರಿಕಕ್ಕೆ ಹಡಗು ಹತ್ತಿಸಿತು. ದೊಡ್ಡವರಿಬ್ಬರು ಆರೋಗ್ಯ ಕೆಟ್ಟು ಬೇಗನೆ ಮರಳಿದರು. ಉಳಿದ ಮೂವರಲ್ಲಿ ಎಲ್ಲರಿಗಿಂತ ಚಿಕ್ಕವಳು ತ್ಸುಡಾ ಉಮೆಕೊ. ಅವಳಿಗಾಗ ಆರು ವರ್ಷ. ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನಿನಲ್ಲಿ ಮಕ್ಕಳಿಲ್ಲದ ದಂಪತಿ ಅವಳನ್ನು ಸ್ವಂತ ಮಗಳಂತೆ ಸಾಕಿದರು. ಓದಿನಲ್ಲಿ ಅವಳು ಜಾಣೆ. ಹನ್ನೊಂದು ವರ್ಷ ಕಳೆದು 1882ರಲ್ಲಿ ಊರಿಗೆ ಮರಳಿದಾಗ ಹದಿನೇಳರ ಹುಡುಗಿ. ಬಾಯಲ್ಲಿ ಜಪಾನಿ ಭಾಷೆ ಉಳಿದಿರಲಿಲ್ಲ. ತಂದೆಗೆ ಇಂಗ್ಲಿಷ್ ಬರುತ್ತಿತ್ತು, ತಾಯಿಗೆ ಬರುತ್ತಿರಲಿಲ್ಲ. ಹೆತ್ತ ತಾಯಿಯೊಡನೆ ಮಾತಾಡಲು ಮಗಳಿಗೆ ನಡುವೆ ಇನ್ನೊಬ್ಬರು ಬೇಕಾಯಿತು. ತಾಯ್ನುಡಿಯನ್ನು ಅವಳು ಪರಭಾಷೆಯಂತೆ ಮೊದಲಿನಿಂದ ಕಲಿತಳು.

ಇದಕ್ಕಿಂತಲೂ ನಮಗೆ ಹತ್ತಿರವಾದದ್ದು ಅವಳ ಗೆಳತಿ ಯಾಮಾಕಾವಾ ಸುತೆಮತ್ಸುವಿನ ಕತೆ. ಅವಳು ಹೋದದ್ದು ಹನ್ನೊಂದನೆಯ ವಯಸ್ಸಿಗೆ. ಅಣ್ಣ ಕೆಂಜಿರೊ ಅದೇ ನ್ಯೂ ಹೇವನ್ ಪಟ್ಟಣದ ಯೇಲ್ ಕಾಲೇಜಿನಲ್ಲಿ ಓದುತ್ತಿದ್ದ. ತಂಗಿ ಭಾಷೆ ಮರೆತಾಳೆಂದು ಕೂರಿಸಿಕೊಂಡು ಜಪಾನಿ ಪಾಠ ಹೇಳುತ್ತಿದ್ದ. 1882ರಲ್ಲಿ ಅವಳು ವ್ಯಾಸರ್ ಕಾಲೇಜಿನಿಂದ ಪದವಿ ಪಡೆದಳು. ಕಾಲೇಜು ಪದವಿ ಪಡೆದ ಮೊದಲ ಜಪಾನಿ ಮಹಿಳೆ ಅವಳೇ. ಊರಿಗೆ ಬಂದಾಗ ಅಧ್ಯಾಪಕಿಯ ಕೆಲಸ ತಾನಾಗಿ ಬಂತು. ಒಪ್ಪಿಕೊಳ್ಳಲಾಗಲಿಲ್ಲ. ಪಾಠ ಹೇಳುವಷ್ಟು ಜಪಾನಿ ಓದು ಬರಹ ಅವಳ ಕೈಯಲ್ಲಿ ಇರಲಿಲ್ಲ.

ಪೋಷಕರೇ, ಇಲ್ಲಿ ಸ್ವಲ್ಪ ನಿಲ್ಲಿ. ಅಣ್ಣನಿದ್ದರೂ, ಮಾತು ಅಷ್ಟಿಷ್ಟು ಉಳಿದರೂ, ಅಕ್ಷರ ಕೈ ಬಿಟ್ಟಿತ್ತು. ಮಾತು ಮನೆಯಲ್ಲಿ ಬರುತ್ತದೆ. ಆದರೆ ಲೆಕ್ಕ, ವಿಜ್ಞಾನ, ಚರಿತ್ರೆಗಳನ್ನು ಆ ಭಾಷೆಯಲ್ಲಿ ಓದಿ, ಬರೆದು, ವಾದಿಸುವ ಶಕ್ತಿ ದಿನವೂ ಶಾಲೆಯಲ್ಲಿ ಪಳಗಿದರೆ ಮಾತ್ರ ಬರುತ್ತದೆ. ‘ಮನೆಯಲ್ಲಿ ಮಾತಾಡುತ್ತೇವಲ್ಲ’ ಎಂಬ ಸಮಾಧಾನ ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ಸುತೆಮತ್ಸುವೇ ಸಾಕ್ಷಿ.

‘ಆದರೆ ಉಮೆಕೊ ದೊಡ್ಡವಳಾದದ್ದು ಇಂಗ್ಲಿಷಿನಿಂದಲೇ ಅಲ್ಲವೇ?’ ಎಂದು ನೀವು ಕೇಳಬಹುದು. ಹೌದು. ಅವಳು 1889ರಲ್ಲಿ ಮತ್ತೆ ಅಮೆರಿಕಕ್ಕೆ ಹೋಗಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದಳು. 1900ರಲ್ಲಿ ಟೋಕಿಯೊದಲ್ಲಿ ಹತ್ತು ಮಂದಿ ವಿದ್ಯಾರ್ಥಿನಿಯರೊಡನೆ ಇಂಗ್ಲಿಷ್ ಶಾಲೆ ತೆರೆದಳು. ಅದೇ ಇಂದಿನ ತ್ಸುಡಾ ವಿಶ್ವವಿದ್ಯಾಲಯ. 2024ರಲ್ಲಿ ಬಂದ 5000 ಯೆನ್ ನೋಟಿನ ಮೇಲೆ ಅವಳ ಚಿತ್ರವಿದೆ. ಇಂಗ್ಲಿಷ್ ಬೇಡವೆಂದು ಅವಳೂ ಹೇಳಲಿಲ್ಲ, ನಾವೂ ಹೇಳುವುದಿಲ್ಲ. ಆದರೆ ಅವಳು ಮಾಡಿದ್ದನ್ನು ನೋಡಿ. ಜಪಾನಿ ಹೆಣ್ಣುಮಕ್ಕಳು ಅಮೆರಿಕದಲ್ಲಿ ಓದಲೆಂದು ಅವಳು ಹಣ ಕೂಡಿಸಿ ವಿದ್ಯಾರ್ಥಿವೇತನ ಏರ್ಪಡಿಸಿದಳು. ಅದು ಕಾಲೇಜು ವಯಸ್ಸಿನವರಿಗೆ, ಸ್ವಂತ ಭಾಷೆಯಲ್ಲಿ ಓದಿ ಬಲಿತವರಿಗೆ. ತಾನು ಹೋದ ಆರನೆಯ ವಯಸ್ಸಿನಲ್ಲಿ ಇನ್ನೊಂದು ಮಗು ಹೋಗುವ ಏರ್ಪಾಡನ್ನು ಅವಳು ಮಾಡಲಿಲ್ಲ.

ಸ್ವಂತ ಭಾಷೆಯಲ್ಲಿ ಓದಿದವರು ಹೊರಗಿನವರೆದುರು ತಲೆತಗ್ಗಿಸಬೇಕಾಯಿತೇ? 1934ನ್ನು ನೋಡಿ. ಮಂಚೂರಿಯಾ ಪ್ರಕರಣದ ನಂತರ ಜಪಾನ್ ಮತ್ತು ಅಮೆರಿಕದ ಸಂಬಂಧ ಹಳಸುತ್ತಿದ್ದ ಕಾಲ. ಆಗ ಟೋಕಿಯೊದ ಕೆಲವು ವಿದ್ಯಾರ್ಥಿಗಳು, ಸರಕಾರಕ್ಕೆ ಕಾಯದೆ, ತಾವೇ ಅಮೆರಿಕದ ವಿದ್ಯಾರ್ಥಿಗಳನ್ನು ಮಾತುಕತೆಗೆ ಕರೆಯಲು ಹೊರಟರು. ನಾಲ್ವರು ಅಲ್ಲಿಗೆ ಹೋಗಿ ಕಾಲೇಜಿಂದ ಕಾಲೇಜಿಗೆ ಅಲೆದು 99 ಮಂದಿಯನ್ನು ಕರೆತಂದರು. ಅವೊಯಾಮಾ ಗಕುಯಿನ್‌ನಲ್ಲಿ ಮೊದಲ ಜಪಾನ್-ಅಮೆರಿಕ ವಿದ್ಯಾರ್ಥಿ ಸಮ್ಮೇಳನ ನಡೆಯಿತು. ಮರುವರ್ಷ ಪೋರ್ಟ್‌ಲೆಂಡಿನ ರೀಡ್ ಕಾಲೇಜು ಇವರನ್ನು ಕರೆಯಿತು. ಚರ್ಚೆಯ ಭಾಷೆ ಇಂಗ್ಲಿಷ್. ಆ ಕಾಲದ ಜಪಾನಿ ವಿದ್ಯಾರ್ಥಿಗಳು ಜಪಾನಿ ಮಾಧ್ಯಮದಲ್ಲಿ ಓದುತ್ತ, ಮಾಧ್ಯಮಿಕ ಶಾಲೆಯಲ್ಲಿ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿತವರು. ಉಚ್ಚಾರ ತಡವರಿಸಿರಬಹುದು. ಆದರೆ ತಮ್ಮ ನಾಡಿನ ಬಗ್ಗೆ ಹೇಳಲು ಅವರ ಬಳಿ ವಿಷಯವಿತ್ತು. 1939ರಲ್ಲಿ ಭಾಗವಹಿಸಿದ ಮಿಯಾಜಾವಾ ಕಿಯಿಚಿ 1991ರಲ್ಲಿ ಜಪಾನಿನ ಪ್ರಧಾನಿಯಾದರು. ಯುದ್ಧದಲ್ಲಿ ನಿಂತ ಸಮ್ಮೇಳನ 1947ರಲ್ಲಿ ಮತ್ತೆ ಆರಂಭವಾಯಿತು. ಇಂದಿಗೂ ಅದನ್ನು ವಿದ್ಯಾರ್ಥಿಗಳೇ ನಡೆಸುತ್ತಾರೆ.

ವಿನಿಮಯವೆಂದರೆ ಕೊಡುವುದೂ ಹೌದು, ಕೊಳ್ಳುವುದೂ ಹೌದು. ಕೊಡಲು ಕೈಯಲ್ಲಿ ಏನಾದರೂ ಇರಬೇಕು. ನಮ್ಮ ಮಕ್ಕಳಿಗೆ ಮನೆ ದಾಟಿದರೆ ಮಲಯಾಳವೋ ತಮಿಳೋ ಮರಾಠಿಯೋ ತೆಲುಗೋ ಎದುರಾಗುತ್ತದೆ. ವಿನಿಮಯಕ್ಕೆ ಅವರು ಸಮುದ್ರ ದಾಟಬೇಕಿಲ್ಲ. ಸಂತೆಗೆ ಹೋದರೆ ಸಾಕು. ಮೂರು ಭಾಷೆಗಳ ನಡುವೆ ಬೆಳೆಯುವ ಮಗುವಿಗೆ ಒಂದಾದರೂ ಭಾಷೆ ಓದು ಬರಹದ ಸಮೇತ ಗಟ್ಟಿಯಾಗಿ ಸಿಗಲಿ.

ಆದ್ದರಿಂದ ಎರಡು ಮಾತು. ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಚೆನ್ನಾಗಿ ಕಲಿಸುತ್ತಾರೆಯೇ ಎಂದು ಶಾಲೆಗೆ ಹೋಗಿ ಕೇಳಿ. ಇಲ್ಲವೆಂದಾದರೆ ಪೋಷಕರ ಸಭೆಯಲ್ಲಿ ಎಲ್ಲರೂ ಸೇರಿ ಪಟ್ಟುಹಿಡಿಯಿರಿ. ಅದು ನಿಮ್ಮ ಹಕ್ಕು. ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸಿಯೇ ಆಗಿದ್ದರೆ, ಕೆಂಜಿರೊ ತಂಗಿಯನ್ನು ಕೂರಿಸಿಕೊಂಡಂತೆ ದಿನಕ್ಕೆ ಅರ್ಧ ಗಂಟೆ ಕೂರಿಸಿಕೊಂಡು ಕನ್ನಡ ಓದಿಸಿ, ಬರೆಸಿ. ಅದು ಶಾಲೆಗೆ ಸಮನಾಗದು, ಆದರೂ ಬಿಡಬೇಡಿ. ಮಗು ಎಷ್ಟು ದೂರವಾದರೂ ಹೋಗಲಿ. ಮರಳಿ ಬಂದಾಗ ಅಮ್ಮನೊಡನೆ ಮಾತಾಡಲು ನಡುವೆ ಇನ್ನೊಬ್ಬರು ಬೇಕಾಗದಿರಲಿ.